ಆಲದ ಕೆಳಗಿನ ಎರಡನೇ ಗೆರೆ

ದೀಪ ಆರಿಸೋದು ಬೇಡ, ಹಾಗೇ ಇರಲಿ. ಹೆದರಿಸಬೇಕು ಅಂತ ಹೇಳ್ತಿರೋದಲ್ಲ ಇದು. ಆದರೂ... ಇರಲಿ.

ನಮ್ಮ ಚಿಕ್ಕಮ್ಮನ ಮಗಳು ಪ್ರೇಮಲತಾ, ಮಲ್ಲೇಶ್ವರದಲ್ಲಿ ಇರೋಳು. ಅವಳಿಗೆ ಆದದ್ದು.

ಅವತ್ತು ಅವಳು ಕೆಲಸ ಮುಗಿಸಿ ಹೊರಟಾಗ ರಾತ್ರಿ ಹತ್ತು ದಾಟಿತ್ತು. ಸಂಪಿಗೆ ರಸ್ತೆಯಲ್ಲಿ ಕೊನೆಯ ಅಂಗಡಿಯವನು ಷಟರ್ ಎಳೀತಿದ್ದ. ಗರರ್ ಅಂತ ಇಳಿದು, ಧಡ್ ಅಂತ ನೆಲಕ್ಕೆ ಕೂತಿತು. ಅಲ್ಲಿಂದ ಅಡ್ಡರಸ್ತೆಗೆ ತಿರುಗಿದರೆ ಸದ್ದೆಲ್ಲ ಹಿಂದೆಯೇ ಉಳಿದುಬಿಡುತ್ತೆ. ಹಳೇ ಬಂಗಲೆ ಒಡೆದ ಒಂದು ಸೈಟು, ಸುತ್ತ ತಗಡಿನ ಬೇಲಿ. ಬೇಲಿಗೆ ಒತ್ತಿಕೊಂಡ ಹಾಗೆ ಒಂದು ಆಲದ ಮರ, ಬುಡಕ್ಕೆ ಕಲ್ಲಿನ ಕಟ್ಟೆ. ಗಾಳಿ ಬಂದರೆ ತಗಡು ಕಟ್... ಕಟ್... ಅನ್ನುತ್ತೆ. ಬಿಳಲು ತಗಡಿಗೆ ಉಜ್ಜಿದರೆ ಸರ್ರ್ ಅನ್ನುತ್ತೆ. ಅಷ್ಟೇ.

ಆ ಮರ ಹತ್ತಿರ ಬಂದ ಹಾಗೆ ಪ್ರೇಮಲತಾ ನಡಿಗೆ ನಿಧಾನ ಆಗ್ತಿತ್ತು. ಅವಳ ಮಗಳು ತೇಜಸ್ವಿನಿ, ಮನೆಮಂದಿಗೆಲ್ಲ ತೇಜು, ಸ್ಕೂಲ್ ವ್ಯಾನ್ ಹತ್ತುತ್ತಿದ್ದದ್ದು, ಇಳೀತಿದ್ದದ್ದು ಎರಡೂ ಅಲ್ಲೇ. ವ್ಯಾನು ಬೇಗ ಬಂದ ದಿನ ಕಟ್ಟೆ ಮೇಲೆ ಕೂತು, ಕಾಲು ಆಡಿಸ್ತಾ, ಅಮ್ಮ ಬರೋ ದಾರಿ ನೋಡ್ತಿದ್ದಳು. ಎರಡನೇ ಕ್ಲಾಸಿನ ಮಗು. ಡೆಂಗಿ ಬಂತು. ಜ್ವರ ಬಿಡ್ತು ಅಂತ ಎಲ್ಲರೂ ಸಮಾಧಾನದ ಉಸಿರು ಬಿಟ್ಟ ದಿನವೇ ಒಳಗೊಳಗೆ ಏನೋ ಕೆಟ್ಟು... ಹೋಯ್ತು ಮಗು.

ಅದಾದ ಮೇಲೆ ಪ್ರೇಮಲತಾ ಗಂಡನ ತರಕಾರಿ ಅಂಗಡಿಯಲ್ಲಿ ಕೂರೋದು ಬಿಟ್ಟಳು. ಗಂಡ ಮುನಿರಾಜು. ಮಾರ್ಕೆಟ್‌ನಲ್ಲಿ ಅವರಪ್ಪನ ಕಾಲದಿಂದಲೂ ಜಾಗ ಇದೆ. ಅಲ್ಲಿಗೆ ತಾಯಂದಿರು ಮಕ್ಕಳ ಕೈ ಹಿಡ್ಕೊಂಡೇ ಬರ್ತಾರೆ. ಮಗು ಟೊಮೇಟೊ ಮುಟ್ಟುತ್ತೆ, ತಾಯಿ ಗದರ್ತಾಳೆ. ಅದನ್ನ ನೋಡೋಕಾಗದೆ ಬೇರೆ ಕೆಲಸ ಹುಡುಕಿದಳು. ಸಿಕ್ಕಿದ್ದು ಒಂದು ವಿಚಿತ್ರದ ಕೆಲಸ.

ಒಂದು ಕಂಪನಿ, ಹೆಸರು ಬೇಡ. ಹಳೇ ಮನೆಯೊಂದರ ಮೇಲ್ಮಹಡಿಯಲ್ಲಿ ಆಫೀಸು. ಮನುಷ್ಯರ ದನಿ ಕೇಳಿ ಅವರ ಮನಸ್ಸಲ್ಲಿ ಏನಿದೆ ಅಂತ ಕಂಪ್ಯೂಟರೇ ಹೇಳೋ ಹಾಗೆ ಮಾಡ್ತಾರೆ. ನಾವು ಬ್ಯಾಂಕಿಗೋ ಆಸ್ಪತ್ರೆಗೋ ಫೋನ್ ಮಾಡ್ತೀವಲ್ಲ, ಆಗ ನಾವು ಸಿಟ್ಟಾಗಿದೀವೋ ಅಳ್ತಿದೀವೋ ಅಂತ ಆ ಕಡೆಯವರಿಗೆ ತಕ್ಷಣ ಗೊತ್ತಾಗಬೇಕಂತೆ. ಅದನ್ನ ಮಷೀನಿಗೆ ಮೊದಲು ಮನುಷ್ಯರೇ ಕಲಿಸಬೇಕು. ಹೆಡ್‌ಫೋನ್ ಹಾಕ್ಕೊಂಡು ಯಾರದೋ ಮಾತು ಕೇಳೋದು... ಕೋಪ, ದುಃಖ, ಸಂತೋಷ, ಭಯ, ಇಲ್ಲಾ ಸಾಧಾರಣ, ಯಾವುದೋ ಒಂದನ್ನ ಒತ್ತೋದು. ಪ್ರೇಮಲತಾಗೆ ಆ ಕೆಲಸ ಹಿಡಿಸಿಬಿಟ್ಟಿತು. ಹೆಡ್‌ಫೋನ್ ಹಾಕ್ಕೊಂಡು ಕಣ್ಣೀರು ಹಾಕಿದರೆ ಅಲ್ಲಿ ಯಾರೂ ಯಾಕೆ ಅಂತ ಕೇಳ್ತಿರಲಿಲ್ಲ. ಕೆಲಸ ಅಂದುಕೋತಿದ್ದರು.

ಮನೆಯಲ್ಲಿ ಅಳೋ ಹಾಗಿರಲಿಲ್ಲ. ಮುನಿರಾಜು ಒಂದು ಹನಿ ಹಾಕಿರಲಿಲ್ಲವಲ್ಲ, ಅವನ ಎದುರಿಗೆ ಅಳಬಾರದು ಅಂತ ಇವಳಿಗೆ ಹಟ. ಅವನ ಮಾತು ಯಾವಾಗಲೂ ಒಂದೇ ಮಟ್ಟ. "ಬೀನ್ಸು ಅರವತ್ತು" ಅನ್ನೋದೂ ಅದೇ ದನಿ. ಅವತ್ತು ಐಸಿಯು ಬಾಗಿಲು ತಳ್ಳಿಕೊಂಡು ಬಂದು "ಮಗು ಹೋಯ್ತಂತೆ" ಅಂದದ್ದೂ ಅದೇ ದನಿ. ಹಾಲುತುಪ್ಪ ಮುಗಿದ ಮಾರನೇ ಬೆಳಿಗ್ಗೆ ಅಂಗಡಿ ತೆಗೆದ. ಅವತ್ತಿಂದ ಇವಳದು ಅವನ ಜೊತೆ ಬೇಕಾದಷ್ಟೇ ಮಾತು. "ಕಲ್ಲು ಕಣಮ್ಮ ಅವರು" ಅಂತ ಚಿಕ್ಕಮ್ಮನ ಹತ್ತಿರ ಒಂದು ಸಲ ಅಂದಿದ್ದಳಂತೆ.

ಸರಿ. ಆ ವಾರ ಕಂಪನಿಯವರು ಎಲ್ಲರ ಫೋನಿಗೂ ಒಂದು ಆಪ್ ಹಾಕಿಕೊಟ್ಟಿದ್ದರು. ರಸ್ತೆಯ ಗದ್ದಲದಲ್ಲಿ ಮಷೀನು ಸರಿಯಾಗಿ ಕೇಳಿಸ್ಕೊಳ್ಳುತ್ತಾ ನೋಡೋಕೆ. ಆನ್ ಮಾಡ್ಕೊಂಡು ನಡೀತಾ ಏನಾದರೂ ಮಾತಾಡ್ತಿರಬೇಕು. ಮಾತಾಡಿದರೆ ಪರದೆ ಮೇಲೆ ಒಂದು ಗೆರೆ ಅಲುಗುತ್ತೆ. ಆ ದನಿಯಲ್ಲಿ ಏನಿದೆ ಅಂತ ಗೆರೆ ಕೆಳಗೆ ಬರೆದು ತೋರಿಸುತ್ತೆ. ಇಬ್ಬರು ಮಾತಾಡಿದರೆ ಎರಡು ಗೆರೆ.

ಆಲದ ಮರದ ಹತ್ತಿರ ಬಂದಾಗ ಅವಳು ಮೆಲ್ಲಗೆ ಅಂದಳು, "ಬಂದೆ ಕಂದ." ದಿನಾ ಅನ್ನೋಳು. ಯಾರಿಗೂ ಗೊತ್ತಿರಲಿಲ್ಲ.

ಅವಳ ಗೆರೆ ಅಲುಗಿತು. ದುಃಖ.

ಅದರ ಕೆಳಗೆ... ಇನ್ನೊಂದು ಗೆರೆ ಮೂಡಿತು.

ತಿರುಗಿ ನೋಡಿದಳು. ಯಾರೂ ಇಲ್ಲ. ತಗಡು ಕಟ್ ಅಂತು. ಆ ಎರಡನೇ ಗೆರೆ ಸಣ್ಣಗೆ, ಬಿಟ್ಟು ಬಿಟ್ಟು ನಡುಗ್ತಿತ್ತು. ಕೆಳಗೆ ಒಂದೇ ಪದ. ಭಯ.

ಉಸಿರು ಹಿಡಿದು ಕಿವಿಗೊಟ್ಟಳು. ದೂರದಲ್ಲಿ ಮೆಟ್ರೋ ಸೊಂಯ್ ಅಂತ ಹೋಯ್ತು. ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್ ಗುಂಯ್ ಅಂತಿತ್ತು. ಮಾತು ಅನ್ನೋದು ಎಲ್ಲೂ ಇಲ್ಲ. ಗೆರೆ ಮಾತ್ರ ಅಲುಗ್ತಾನೇ ಇತ್ತು. ಮರ ದಾಟಿ ಮುಂದೆ ಹೋದಳು... ಗೆರೆ ಮಾಯವಾಯ್ತು. ವಾಪಸ್ ತಿರುಗೋ ಧೈರ್ಯ ಅವತ್ತು ಬರಲಿಲ್ಲ.

ಮಾರನೇ ದಿನ ಆಫೀಸಲ್ಲಿ ಟೆಸ್ಟಿಂಗ್ ನೋಡಿಕೊಳ್ಳೋ ಶ್ರೀಧರ್‌ಗೆ ತೋರಿಸಿದಳು. ಅವನು ರೆಕಾರ್ಡಿಂಗ್ ಹಾಕಿ ಕೇಳಿದ. ಇವಳ ಮಾತು ಇದೆ, ತಗಡಿನ ಸದ್ದಿದೆ, ಎಲೆ ಸದ್ದಿದೆ.

"ಬೇರೆ ಏನಿಲ್ಲವಲ್ಲ ಮೇಡಂ. ಗಾಳೀನ ಮಾತು ಅಂದ್ಕೊಂಡಿದೆ ಇದು."

"ಗಾಳಿಗೆ ಭಯ ಅಂತ ಬರೆಯುತ್ತಾ?"

ಶ್ರೀಧರ್ ನಕ್ಕ. "ಬರೀಬಾರದು. ಅದಕ್ಕೇ ಹೈದರಾಬಾದ್ ಟೀಮಿಗೆ ಕಳಿಸ್ತೀನಿ. ಅವರ ಹತ್ತಿರ ಇನ್ನೂ ದೊಡ್ಡ ಮಷೀನ್ ಇದೆ, ಏನು ಸದ್ದು ಅಂತ ನೋಡಿ ಹೇಳ್ತಾರೆ."

ಆ ರಾತ್ರಿ ಪ್ರೇಮಲತಾ ಬೇಕಂತಲೇ ಕಟ್ಟೆ ಹತ್ತಿರ ನಿಂತಳು. ಫೋನು ಕೈಯಲ್ಲಿ. ಗಾಳಿ ಇರಲಿಲ್ಲ. ಒಂದು ಎಲೆ ಕೂಡ ಅಲುಗ್ತಿರಲಿಲ್ಲ.

"ಯಾರು?" ಅಂದಳು, ಪಿಸುದನಿಯಲ್ಲಿ.

ಗೆರೆ ಬಂತು. ಚೂರು ಅಲುಗಿ ನಿಂತಿತು... ಹೇಳಲೋ ಬೇಡವೋ ಅನ್ನೋ ಹಾಗೆ.

"ತೇಜು?"

ಗೆರೆ ಚಂಗನೆ ಮೇಲಕ್ಕೆ ಹಾರಿತು.

ಹೆತ್ತವಳು ಓಡಿ ಹೋಗ್ತಾಳಾ ಹೇಳಿ. ಅಲ್ಲೇ ಕಟ್ಟೆ ಮೇಲೆ ಕುಸಿದು ಕೂತಳು. ಎರಡು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದೆಲ್ಲ ಕಿತ್ತುಕೊಂಡು ಬಂತು. "ಅಮ್ಮ ಇದೀನಿ ಕಂದ... ಹೆದರ್ಕೋಬೇಡ... ಎಲ್ಲಿದೀಯ ನೀನು..." ಅಂತ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಕಣ್ಣೊರೆಸಿಕೊಂಡು ಪರದೆ ನೋಡಿದರೆ ಗೆರೆ ಹುಚ್ಚುಹುಚ್ಚಾಗಿ ಕುಣೀತಿದೆ. ಭಯ. ಭಯ. ಭಯ. ಅದು ಬಿಟ್ಟು ಬೇರೆ ಇಲ್ಲ.

ದಿನಾ ಹೋದಳು. ಹೋದಾಗೆಲ್ಲ ಗೆರೆ ಬರೋದು. ಹೋದಾಗೆಲ್ಲ ಭಯ. ಸಮಾಧಾನ ಮಾಡಿದಷ್ಟೂ ಜಾಸ್ತಿ ಆಗೋದು. ಮಗುವಿಗೆ ಕತ್ತಲು ಅಂದ್ರೆ ಆಗ್ತಿರಲಿಲ್ಲ ಅಂತ ಒಂದು ದಿನ ದೊಡ್ಡ ಟಾರ್ಚು ಒಯ್ದಳು. ಗೆರೆ ಚೂರೂ ಬದಲಾಗಲಿಲ್ಲ. ಅವಳು ಊಟ ಬಿಟ್ಟಳು. ಆಫೀಸಲ್ಲಿ ಯಾರ ದನಿ ಕೇಳಿದರೂ ಭಯ ಅಂತಲೇ ಒತ್ತುತ್ತಿದ್ದಳಂತೆ. ಯೋಚನೆ ಮಾಡಿ... ಸತ್ತ ಮಗು ಎಲ್ಲೋ ನೆಮ್ಮದಿಯಾಗಿದೆ ಅಂತ ನಂಬಿಕೊಂಡು ತಾಯಿ ಹೇಗೋ ಬದುಕ್ತಾಳೆ. ಇಲ್ಲ, ಹೆದರಿಕೊಂಡು ಬೀದೀಲಿ ನಿಂತಿದೆ ಅಂತ ಗೊತ್ತಾದರೆ?

ಮುನಿರಾಜು ಏನೂ ಕೇಳಲಿಲ್ಲ. ಅವಳು ಎಷ್ಟು ಹೊತ್ತಿಗೆ ಬಂದರೂ ಬಾಗಿಲ ಮೆಟ್ಟಿಲ ಮೇಲೆ ಕೂತಿರೋನು. ತಟ್ಟೆ ಹಾಕಿ ಮುಚ್ಚಿರೋನು. "ಸಾರು ಬಿಸಿ ಮಾಡ್ಲಾ" ಅನ್ನೋನು. ಅದೇ ದನಿ. ಇವಳು ಉತ್ತರ ಕೊಡದೆ ಒಳಗೆ ಹೋಗೋಳು.

ಒಂದು ರಾತ್ರಿ ಅವಳು ಕಟ್ಟೆ ಮೇಲೆ ಕೂತು ಅಳ್ತಿರುವಾಗ ಹಿಂದೆ ಚಪ್ಪಲಿ ಸದ್ದು. ಚರ್... ಚರ್... ಎಡಗಾಲು ಸ್ವಲ್ಪ ಎಳೆದು ಹಾಕೋ ಸದ್ದು. ಮುನಿರಾಜು.

ಅವನು ಬೈಯಲಿಲ್ಲ. ಮರ ನೋಡಿದ, ಅವಳ ಕೈಯಲ್ಲಿದ್ದ ಫೋನು ನೋಡಿದ.

"ಏನಿದು?"

ಅವಳು ಪರದೆ ಅವನ ಕಡೆ ತಿರುಗಿಸಿದಳು. "ತೇಜು," ಅಂದಳು. "ನಗಬೇಡಿ. ಇಲ್ಲೇ ಇದಾಳೆ. ಹೆದರ್ಕೊಂಡಿದಾಳೆ."

ಅವನು ನಗಲಿಲ್ಲ. ನಡುಗೋ ಗೆರೆಯನ್ನ ತುಂಬಾ ಹೊತ್ತು ನೋಡಿದ. ಆಮೇಲೆ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತ. ನಡುವೆ ಒಬ್ಬರಿಗೆ ಆಗೋವಷ್ಟು ಜಾಗ ಬಿಟ್ಟು ಕೂತ.

"ತೇಜು," ಅಂದ. "ಹೋಂವರ್ಕ್ ಆಯ್ತಾ?"

ಬೀನ್ಸು ಅರವತ್ತು ಅಂದ ಹಾಗೇ.

ಮಗುವಿನ ಗೆರೆ ನಡುಗೋದು ನಿಂತಿತು.

"ಇವತ್ತು ಬದನೆಕಾಯಿ ಏನು ಬಂದಿತ್ತು ಗೊತ್ತಾ. ಒಂದಕ್ಕೆ ಮೂಗು ಇತ್ತು. ಥೇಟ್ ನಿಮ್ಮ ಮಿಸ್ ಥರ. ಯಾರಿಗೂ ಮಾರ್ಲಿಲ್ಲ."

ಗೆರೆ ಮೆಲ್ಲಗೆ, ಹಗುರಾಗಿ ಅಲುಗಿತು. ಕೆಳಗಿನ ಪದ ಬದಲಾಯ್ತು. ಸಾಧಾರಣ.

ಪ್ರೇಮಲತಾಗೆ ಆದದ್ದು ಖುಷಿ ಅಲ್ಲ, ಹೊಟ್ಟೆಕಿಚ್ಚು. "ನಾನು ಇಷ್ಟು ದಿನದಿಂದ ಬಂದು ಕೂಗ್ತಿದೀನಿ. ನನ್ನ ಕಂಡ್ರೆ ಯಾಕೆ ಹೆದರ್ತಾಳೆ?"

ದನಿ ಒಡೀತು. ತಕ್ಷಣ ಎರಡನೇ ಗೆರೆ ಮತ್ತೆ ನಡುಗಿತು. ಭಯ.

ಮುನಿರಾಜು ಅದನ್ನ ನೋಡಿದ. ಆಮೇಲೆ ಅವಳನ್ನ ಎಬ್ಬಿಸಿ, ಮರದಿಂದ ಆಚೆ, ಬೇಲಿಯ ಮೂಲೆವರೆಗೂ ಕರ್ಕೊಂಡು ಹೋದ. ಅಲ್ಲಿ ಹೇಳಿದ.

"ಕೊನೇ ದಿನ ನಿನ್ನ ಐಸಿಯು ಇಂದ ಆಚೆ ಕಳಿಸಿದ್ರಲ್ಲ."

"ಅಳ್ತಿದ್ದೆ ಅಂತ ಕಳಿಸಿದ್ರು."

"ಹೂಂ. ನೀನು ಹೋದ್ಮೇಲೆ ಮಗು ಕಣ್ಣು ಬಿಡ್ತು. 'ಅಮ್ಮ ಯಾಕೆ ಅಳ್ತೈತೆ, ನಂಗೇನಾಯ್ತದೆ' ಅಂತು. ಬಾಗಿಲ ಆಚೆ ನೀನು ಅಳೋದು ಒಳಗಡೆವರ್ಗೂ ಕೇಳ್ತಿತ್ತು ಕಣೆ. ಕೈ ತಣ್ಣಗಿತ್ತು, ನನ್ನ ಬೆರಳು ಬಿಡ್ಲಿಲ್ಲ. 'ಏನಾಗಲ್ಲ ಮಗಾ, ಅಮ್ಮ ಈರುಳ್ಳಿ ಹೆಚ್ಚಿ ಬಂದವ್ಳೆ' ಅಂದೆ. 'ಅಷ್ಟೊಂದಾ' ಅಂತು. 'ಮೂಟೆ ಐತೆ' ಅಂದೆ. ಅದನ್ನೇ ಹೇಳ್ತಾ ಕೂತಿದ್ದೆ... ಎಷ್ಟು ಹೊತ್ತು ಹೇಳಿದ್ನೋ. ನರ್ಸಮ್ಮ ಬಂದು ಸಾಕು ಬಿಡಿ ಅಂದ್ರು."

ಪ್ರೇಮಲತಾ ಬೇಲಿಯ ತಗಡು ಹಿಡ್ಕೊಂಡಳು.

"ಯಾಕೆ ಹೇಳ್ಲಿಲ್ಲ ನಂಗೆ?"

"ಹೇಳಿದ್ರೆ ನೀನು ಬದುಕ್ತಿದ್ದಾ?"

ಅವಳ ಕೈಯಲ್ಲಿ ಫೋನು ಇನ್ನೂ ಆನ್ ಇತ್ತು. ಮರದಿಂದ ಆಚೆ ಬಂದಿದ್ದಕ್ಕೆ ಮಗುವಿನ ಗೆರೆ ಇರಲಿಲ್ಲ, ಅವಳದೊಂದು, ಅವನದೊಂದು. ಅವನ ಗೆರೆಗೆ ಏರಿಳಿತ ಅನ್ನೋದೇ ಇಲ್ಲ, ದಾರ ಎಳೆದ ಹಾಗೆ. ಕೆಳಗಡೆ ಬರೆದಿತ್ತು, ದುಃಖ. ಪರದೆ ಮೇಲಕ್ಕೆ ಉರುಳಿಸಿ ಹಿಂದಿನದೆಲ್ಲ ನೋಡಿದಳು. ಬದನೆಕಾಯಿ ಮಾತಿಗೂ ದುಃಖ. ಹೋಂವರ್ಕ್ ಆಯ್ತಾ ಅಂದದ್ದಕ್ಕೂ ದುಃಖ. ಬಂದಾಗಿಂದ ಆಡಿದ ಪ್ರತಿ ಮಾತಿಗೂ... ಒಂದೇ.

ದಿನವಿಡೀ ಊರವರ ದನಿ ಕೇಳ್ತಿದ್ದವಳು ಅವಳು. ಮೆಟ್ಟಿಲ ಮೇಲೆ ಕೂತು "ಸಾರು ಬಿಸಿ ಮಾಡ್ಲಾ" ಅಂದವನ ದನಿ ಕೇಳಿರಲಿಲ್ಲ.

ಆಮೇಲೆ ಮುನಿರಾಜು ಮೆಲ್ಲಗೆ ಅಂದ, "ಮಗು ಎಷ್ಟು ದಿನ ಅಂತ ಬೀದೀಲಿ ನಿಂತ್ಕಂಡಿರ್ತದೆ. ಕಳಿಸ್ಬಿಡು."

"ನೀವೇ ಕಳಿಸಿ. ನಿಮ್ಮ ಮಾತು ಕೇಳ್ತಾಳೆ."

"ನಾನು ಯಾವತ್ತು ಕಳ್ಸಿದೀನಿ ಅವಳನ್ನ? ದಿನಾ ವ್ಯಾನ್ ಹತ್ತಿಸ್ತಿದ್ದೋಳು ನೀನು. ನೀನು ಕಳಿಸ್ದೆ ಅವಳು ಎಲ್ಲಿಗೂ ಹೋಗಲ್ಲ."

"ನನ್ನ ಕೈಲಾಗಲ್ಲ."

"ಗೊತ್ತು," ಅಂದ.

ಅವತ್ತು ಆಗಲೂ ಇಲ್ಲ. ಮಾರನೇ ರಾತ್ರಿ ಇಬ್ಬರೂ ಒಟ್ಟಿಗೆ ಬಂದರು. ಮನೆಯಲ್ಲೇ ಅತ್ತು ಮುಗಿಸಿಕೊಂಡು ಬಂದಿದ್ದಳು ಪ್ರೇಮಲತಾ. ಮುಖ ತೊಳೆದು, ತಲೆ ಬಾಚಿ, ಬೆಳಗಿನ ಹೊತ್ತು ವ್ಯಾನ್ ಹತ್ತಿಸೋಕೆ ಬರ್ತಿದ್ದಾಗ ಉಡುತ್ತಿದ್ದಂಥ ಒಂದು ಹಳೇ ವಾಯಿಲ್ ಸೀರೆ ಉಟ್ಟಿದ್ದಳು. ಸಾಧಾರಣ ದನಿ ಹೇಗಿರುತ್ತೆ ಅಂತ ಅವಳಿಗೆ ಕಿವಿಯಲ್ಲಿತ್ತು. ಸಾವಿರಾರು ಸಲ ಆ ಬಟನ್ ಒತ್ತಿದವಳು. ಗಂಟಲಿಗೆ ಬರಿಸೋದು ಬೇರೆ ವಿಷಯ.

ಗೆರೆ ಬಂತು. ಸಣ್ಣ ನಡುಕ.

"ಬ್ಯಾಗ್ ಹಾಕ್ಕೊಂಡ್ಯಾ?" ಅಂದಳು.

ತಗಡು ಕಟ್ ಅಂತು. ಮುನಿರಾಜು ಉಸಿರಾಡಿದ್ದು ಕೇಳಿಸಿತು.

"ನೀರಿನ ಬಾಟ್ಲು? ಅರ್ಧ ಕುಡಿದು ಅರ್ಧ ಚೆಲ್ಲಬೇಡ. ಜಡೆ ಬಿಚ್ಕೋಬೇಡ, ಮತ್ತೆ ಹಾಕೋಕೆ ಅಲ್ಲಿ ನಾನಿರಲ್ಲ." ಇಲ್ಲಿ ದನಿ ಒಂಚೂರು ಎಡವಿತು. ಮುನಿರಾಜು ಅವಳ ಕೈ ಹಿಡಿದ. ಅವಳು ಮುಂದುವರಿಸಿದಳು. "ಯಾರ ಜೊತೆಗೂ ಜಗಳ ಆಡಬೇಡ. ಅಮ್ಮಂಗೇನೂ ಆಗಿಲ್ಲ. ಈರುಳ್ಳಿ ಹೆಚ್ಚಿದ್ದೆ. ಮುಗೀತು."

ಗೆರೆ ಹಗುರಾಯ್ತು. ಸಾಧಾರಣ.

"ಸರಿ. ಹೋಗ್ಬಾ."

ಬಾಯಿಗೆ ಬಂದದ್ದು ಅದು. ನಮ್ಮಲ್ಲಿ ಯಾರನ್ನೂ ಬರೀ ಹೋಗು ಅಂತ ಕಳಿಸಲ್ಲವಲ್ಲ, ಹೋಗಿ ಬಾ ಅಂತೀವಿ. ಸಾವಿನ ಮನೆಯಲ್ಲಿ ಮಾತ್ರ, ಬರ್ತೀನಿ ಅನ್ನದೆ ಎದ್ದು ಬರ್ತೀವಿ. ಗೆರೆ ಅಲ್ಲೇ ನಿಂತಿತ್ತು. ಹೋಗಲಿಲ್ಲ. ಬಾ ಅಂದಳಲ್ಲ ಅಮ್ಮ... ಕಾಯ್ತಿತ್ತು.

ಮುನಿರಾಜು ಅವಳ ಕೈ ಬಿಡಲಿಲ್ಲ.

ಪ್ರೇಮಲತಾ ಕಣ್ಣು ಮುಚ್ಚಿದಳು. ಮುಚ್ಚಿಕೊಂಡೇ, ನಕ್ಕ ಹಾಗೆ, ತಡವಾದ ಮಗುವನ್ನ ಬೆನ್ನ ಮೇಲೆ ಕೈಯಿಟ್ಟು ವ್ಯಾನಿನ ಕಡೆ ತಳ್ಳೋ ಹಾಗೆ ಅಂದಳು,

"ಹೋಗು ಕಂದ. ಹೋಗು."

ಗೆರೆ ಒಂದು ಸಲ ಮೇಲೆದ್ದು, ಇಳಿದು... ಸಮ ಆಯ್ತು. ಆಮೇಲೆ ಪರದೆ ಮೇಲೆ ಒಂದೇ ಗೆರೆ ಉಳೀತು, ಅವಳದು. ಅದರ ಕೆಳಗೆ ಮಷೀನು ಬರೆದಿತ್ತು, ಸಂತೋಷ.

"ತಪ್ಪು ತೋರಿಸ್ತಿದೆ," ಅಂದಳು.

"ನಡಿ," ಅಂದ ಮುನಿರಾಜು.

ಮರದ ಹತ್ತಿರ ಅವಳು ಅಳಲಿಲ್ಲ. ಬೇಲಿ ದಾಟಿ, ಮೂಲೆ ತಿರುಗಿ, ಅವರ ಗಲ್ಲಿಯ ಬಾಯಿಗೆ ಬಂದ ಮೇಲೆ ನೆಲದ ಮೇಲೇ ಕೂತುಬಿಟ್ಟಳು. ಅವನೂ ಪಕ್ಕದಲ್ಲಿ ಕೂತ. ಆಗ ಅವನ ಗಂಟಲಿಂದ ಒಂದು ಸದ್ದು ಬಂತಂತೆ... ಒಣಗಿದ ರಾಟೆ ತಿರುಗಿದ ಹಾಗೆ, ಕಿರ್ ಅಂತ. ಅಷ್ಟು ವರ್ಷ ಸಂಸಾರ ಮಾಡಿದ್ದರೂ ಆ ಸದ್ದು ಅವಳು ಕೇಳಿರಲಿಲ್ಲ. ಹಾಲಿನ ವ್ಯಾನು ಬರೋವರೆಗೂ ಇಬ್ಬರೂ ಅಲ್ಲೇ ಇದ್ದರು.

ಆಮೇಲೆ ಆ ಮರದ ಕೆಳಗೆ ಎರಡನೇ ಗೆರೆ ಬರಲಿಲ್ಲ. ಒಂದು ದಿನವೂ. ಅವಳು ಈಗಲೂ ಅದೇ ದಾರಿಯಲ್ಲಿ ಬರ್ತಾಳೆ. ಮರದ ಹತ್ತಿರ ಮಾತಾಡಲ್ಲ.

ಅದಾಗಿ ಎಷ್ಟೋ ದಿನಕ್ಕೆ ಶ್ರೀಧರ್ ಅವಳ ಮೇಜಿನ ಹತ್ತಿರ ಬಂದ. ಅವನಿಗೆ ತೇಜು ವಿಷಯ ಗೊತ್ತಿರಲಿಲ್ಲ. ಆಫೀಸಲ್ಲಿ ಯಾರಿಗೂ ಅವಳು ಹೇಳಿರಲಿಲ್ಲ.

"ಮೇಡಂ, ನಿಮ್ಮ ಗಾಳಿ ರೆಕಾರ್ಡಿಂಗ್ ಹೈದರಾಬಾದಿಂದ ವಾಪಸ್ ಬಂತು. ಗಾಳಿ ಅಲ್ವಂತೆ. ಮನುಷ್ಯರ ದನಿ ಅಂತಲೇ ಹೇಳ್ತಿದೆ ಅವರ ಮಷೀನೂ. ನಮ್ಮ ಕಿವಿಗೆ ಮಾತ್ರ ಯಾಕೆ ಕೇಳಲ್ಲ ಅಂತ ಅವರಿಗೂ ಗೊತ್ತಾಗ್ತಿಲ್ಲ."

ಅವಳು ಹೆಡ್‌ಫೋನ್ ತೆಗೆದಳು.

"ಇನ್ನೇನು ಹೇಳುತ್ತೆ?"

"ಹುಡುಗಿ ಅಂತ ಇದೆ. ವಯಸ್ಸೂ ಹೇಳುತ್ತೆ ಅದು, ದನಿ ನೋಡಿ. ಒಂಬತ್ತು ವರ್ಷ."

ಅವಳು ಸರಿ ಅಂದು ಮತ್ತೆ ಹೆಡ್‌ಫೋನ್ ಹಾಕ್ಕೊಂಡಳಂತೆ.

ತೇಜು ಹೋದಾಗ ಅವಳಿಗೆ ಏಳು. ಹೋಗಿ ಎರಡು ವರ್ಷ ಆಗಿತ್ತು.

ಹೀಗೇ ನಡೆದದ್ದು. ಶ್ರೀಧರ್ ಈಗಲೂ ಅಲ್ಲೇ ಕೆಲಸ ಮಾಡ್ತಾನೆ, ಕೇಳಬಹುದು.